ಎಡಕ್ಕೆ ವಾಲಿದ ದೀಪ

ನನ್ನ ಗಂಡನಿಗೆ ಕಾರ್ಗಲ್ಲಿನಲ್ಲಿ ಕರೆಂಟಿನ ಕೆಲಸ. ಅಣೆಕಟ್ಟಿನಲ್ಲಿ ನೀರು ನಿಂತ ಮರುವರ್ಷ ಯಾರೋ ಓಡಿಸಿ ಬಿಟ್ಟ ಮೋಟಾರ್ ಸೈಕಲ್ ಒಂದನ್ನು ತಂದರು. ನನ್ನ ತವರು ಹೊಸನಗರದಿಂದ ಆಚೆ. ಅಲ್ಲಿಗೆ ಬಸ್ಸು ಬಿಟ್ಟು ಇದರ ಬೆನ್ನ ಮೇಲೆ ಹೋಗುವ ಕರ್ಮ ನನ್ನದಾಯಿತು.

ಸೀರೆ ಉಟ್ಟವಳು ಎರಡೂ ಕಾಲು ಎಡಗಡೆ ಇಳಿಬಿಟ್ಟು ಕೂರಬೇಕು. ಎಡಕ್ಕೆ ತಿರುಗುವಾಗ ಗಾಡಿ ಎಡಕ್ಕೆ ವಾಲುತ್ತದೆ, ರಸ್ತೆ ಎದ್ದು ಪಾದಕ್ಕೇ ಬರುತ್ತದೆ. ಬಲಕ್ಕೆ ತಿರುಗಿದರೆ ಬೆನ್ನ ಹಿಂದೆ ಏನೂ ಇರುವುದಿಲ್ಲ. ಅವರಿಗೆ ಬಲ ತಿರುವೆಂದರೆ ಅಳುಕು. ಎಡ ತಿರುವಾದರೆ ಕಣ್ಣು ಮುಚ್ಚಿ ಹೋಗುವಷ್ಟು ಧೈರ್ಯ. ಗಾಡಿ ಎಡಕ್ಕೆ ವಾಲಿದಾಗಲೆಲ್ಲ ನಾನು ಕಾಲು ಮೇಲೆಳೆದುಕೊಂಡು ಬಲಕ್ಕೆ ಜಗ್ಗುತ್ತಿದ್ದೆ.

“ಏ, ಎಂತಕ್ಕೆ ಆ ಕಡಿಗೆ ಎಳಿತೀಯ? ಗಾಡಿ ಹೆಂಗೆ ವಾಲ್ತದೋ ಹಂಗೆ ವಾಲು. ಅಕ್ಕಿ ಮೂಟೆನಾದ್ರೂ ನಿನಗಿಂತ ವಾಸಿ.”

“ಹಂಗಾರೆ ಮೂಟೇನೇ ಕೂರಿಸ್ಕೊಂಡು ಹೋಗಿ. ಅದೇ ಸಾರೂ ಮಾಡಿ ಹಾಕ್ತದೆ.”

ಹೊಸನಗರ ದಾಟಿದ ಮೇಲೆ ಒಂದು ಕಡೆ ಹಳೇ ರಸ್ತೆ ಎಡಕ್ಕೆ ಇಳಿದು ಹಿನ್ನೀರಿನೊಳಗೆ ಹೋಗುತ್ತಿತ್ತು. ಹೊಸ ರಸ್ತೆ ಬಲಕ್ಕೆ ಗುಡ್ಡ ಹತ್ತುತ್ತಿತ್ತು. ಹಳೇ ರಸ್ತೆಗೆ ಅಡ್ಡ ಕಟ್ಟಿದ್ದ ಬಿದಿರನ್ನು ಯಾರೋ ಒಲೆಗೆ ಒಯ್ದಿದ್ದರು.

ಒಂದು ಬೆಳಗ್ಗೆ ದಟ್ಟ ಮಂಜು. ಅವರ ಹೆಗಲಿನಾಚೆ ನೋಡಿದೆ. ನಮ್ಮ ಮುಂದೆ ಇನ್ನೊಂದು ಮೋಟಾರ್ ಸೈಕಲ್ಲಿನ ಕೆಂಪು ದೀಪ. ಅದರ ಸದ್ದಿಲ್ಲ. ಆ ದೀಪ ಚೆಂದಕ್ಕೆ ಎಡಕ್ಕೆ ವಾಲಿ ತಿರುಗಿತು. ಇವರೂ ವಾಲಿದರು. ನನ್ನ ಪಾದಕ್ಕೆ ಬಾವಿಯೊಳಗಿನಂಥ ತಣ್ಣನೆ ಗಾಳಿ ತಾಗಿತು. ಕಾಲೆಳೆದುಕೊಂಡು ಬಲಕ್ಕೆ ಜೋತುಬಿದ್ದೆ. ಗಾಡಿ ತಿರುಗದೆ ನೇರ ಹೋಗಿ, ಎರಡು ರಸ್ತೆಗಳ ನಡುವಿನ ಮಣ್ಣಿನ ದಿಬ್ಬಕ್ಕೆ ನುಗ್ಗಿ ನಮ್ಮನ್ನು ಕೆಡವಿತು.

ಎದ್ದು ಬೈಯಲು ಬಾಯಿ ತೆರೆದವರು ಕೆಳಗೆ ನೋಡಿದರು. ಅಲ್ಲೇ ಕೆಳಗೆ ರಸ್ತೆ ಮುಗಿದು ನೀರು. ಒಂದು ಅಲೆ ಇಲ್ಲ.

“ಮುಂದೆ ಹೋದೋನು ಎಲ್ಲಿಗೆ ಹೋದ?”

“ಅಲ್ಲಿಗೇ.”

ಇಳಿದು ಹೋಗಿ ಒದ್ದೆ ಮಣ್ಣಿನಲ್ಲಿ ಚಕ್ರದ ಗುರುತು ಹುಡುಕಿದರು. ದನದ ಗೊರಸಿನದು ಇತ್ತು. ಚಕ್ರದ್ದು ಇರಲಿಲ್ಲ.

ಆಮೇಲೆ ಎಲ್ಲಿ ಎಡ ತಿರುವು ಬಂದರೂ ಅವರ ಕೈ ಬಿಗಿಯುತ್ತಿತ್ತು. ವಾಲದ ಗಾಡಿ ತಿರುಗುವುದಿಲ್ಲ, ರಸ್ತೆಯ ಬಲಕ್ಕೆ ಸರಿಯುತ್ತದೆ. ಸಾಗರದ ದಾರಿಯಲ್ಲಿ ಎರಡು ಸಲ ಎದುರಿಂದ ಬಂದ ಮರದ ದಿಮ್ಮಿಯ ಲಾರಿ ನಮ್ಮನ್ನು ಸವರಿಕೊಂಡೇ ಹೋಯಿತು. ಹೀಗೇ ಆದರೆ ಒಂದು ದಿನ ಇಬ್ಬರೂ ಅದರಡಿಗೆ ಎಂದು ಗೊತ್ತಾಯಿತು. ಅಂದಿನಿಂದ ನಾನೇ ಮೊದಲು ಎಡಕ್ಕೆ ವಾಲತೊಡಗಿದೆ. ಗಾಡಿ ನನ್ನ ಜೊತೆ ವಾಲುತ್ತಿತ್ತು, ಅವರು ಗಾಡಿಯ ಜೊತೆ.

ಪ್ರತಿ ಎಡ ತಿರುವಿಗೂ ತಮ್ಮ ಕಣ್ಣನ್ನೇ ನಂಬದೆ ಕೇಳುವರು, “ಮುಂದೆ ಯಾರಾದ್ರೂ ಇದಾರೇನೇ?”

“ಯಾರೂ ಇಲ್ಲ. ವಾಲಿ.”

ಆ ಕೆಂಪು ದೀಪ ಮತ್ತೆ ಕಂಡ ದಿನವೂ ಅದನ್ನೇ ಹೇಳಿದ್ದೇನೆ.