ಊರಿಗೆಲ್ಲ ಬಿಪಿ ಏರಿಸಿದ ತಿಂಗಳು

‘ರಿಸಲ್ಟ್ ಬಂತೇನು’ ಎಂದು ಕೇಳಿದವರ ಮೇಲೆಲ್ಲ ನನಗೆ ಆ ತಿಂಗಳು ಸಿಟ್ಟಿತ್ತು. ಕೇಳದವರ ಮೇಲೆ ಇನ್ನೂ ಜಾಸ್ತಿ. ಕೇಳದವರೆಂದರೆ, ನಾನು ಫೇಲೆಂದು ತಾವೇ ತೀರ್ಮಾನಿಸಿ, ಪಾಪ ಹುಡುಗ ಎಂದು ಮುಖ ತಿರುಗಿಸಿಕೊಂಡು ಹೋಗುವವರು. ಮಾದನಹಿಪ್ಪರಗಾದ ಬಸ್ ನಿಲ್ದಾಣದಿಂದ ನಮ್ಮ ಮನೆಗೆ ಐದು ನಿಮಿಷದ ದಾರಿ. ಎರಡೂ ಜಾತಿಯವರನ್ನು ತಪ್ಪಿಸಲು ನಾನು ತೊಗರಿ ಹೊಲದ ಬದುವಿನ ಮೇಲೆ ಸುತ್ತು ಹಾಕಿ, ಹಿತ್ತಲ ಕಡೆಯಿಂದ ಕಳ್ಳನ ಹಾಗೆ ಒಳಗೆ ಬರುತ್ತಿದ್ದೆ. ಒಮ್ಮೆ ನಮ್ಮದೇ ಎಮ್ಮೆ ಗುರುತು ಸಿಗದೆ ಒದೆಯಿತು. ಅದರ ಮೇಲೂ ಸಿಟ್ಟು ಬಂತು.

ಮೂರು ವರ್ಷದ ನರ್ಸಿಂಗ್ ಕೋರ್ಸಿನ ಕೊನೆಯ ಪರೀಕ್ಷೆ ಬರೆದು ಕೂತಿದ್ದೆ. ಪಾಸಾದರೆ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಣಿ, ನೋಂದಣಿಯಾದರೆ ನರ್ಸು. ಆಗದಿದ್ದರೆ ಮೂರು ವರ್ಷ ಬೆಡ್‌ಶೀಟ್ ಮಡಚಲು ಕಲಿತವನು, ಅಷ್ಟೇ. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ನರ್ಸುಗಳಿಗೆಲ್ಲ ಮುಖ್ಯಸ್ಥೆಯಾದ ಮೇಟ್ರನ್ ಮೇಡಂ ನನ್ನನ್ನು ಸಂದರ್ಶನ ಮಾಡಿ, ಐಸಿಯುನಲ್ಲಿ ಒಂದು ಜಾಗ ಹಿಡಿದಿಟ್ಟಿದ್ದರು. ‘ಈ ತಿಂಗಳ ಕೊನೀ ದಿನದೊಳಗ ಪಾಸಾದ ಹಾಳಿ ತಂದು ತೋರ್ಸು. ಒಂದು ದಿನ ತಡ ಆದ್ರೂ ಬ್ಯಾರೇದವ್ರಿಗಿ ಕೊಡ್ತೀನಿ ನೋಡು’ ಎಂದಿದ್ದರು. ರಿಸಲ್ಟ್ ಬರಬೇಕಾದ ದಿನ ದಾಟಿ ಆಗಲೇ ಐದು ವಾರವಾಗಿತ್ತು. ವೆಬ್‌ಸೈಟಿನಲ್ಲಿ ಒಂದು ಚಕ್ರ ಗರಗರ ತಿರುಗುತ್ತಿತ್ತು. ಅದನ್ನು ನೋಡಿ ನೋಡಿ ನನಗೆ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಉಂಡದ್ದು ಗಂಟಲಲ್ಲೇ ನಿಲ್ಲುವುದು ಶುರುವಾಯಿತು.

ಬೇರೆಯವರಾದರೆ ದೇವರ ಮೊರೆ ಹೋಗುತ್ತಿದ್ದರೇನೋ. ನಾನು ಬಿಪಿ ಯಂತ್ರದ ಮೊರೆ ಹೋದೆ. ಹಾಸ್ಟೆಲ್ ಬಿಡುವಾಗ ನಮ್ಮ ಸೀನಿಯರ್ ಒಬ್ಬ ನನಗೆ ಕೊಟ್ಟುಹೋಗಿದ್ದ ಹಳೆಯದು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರೆ ನೂರ ಅರವತ್ತು! ಹತ್ತು ನಿಮಿಷ ಬಿಟ್ಟು ನೋಡಿದರೆ ನೂರ ಎಪ್ಪತ್ತು. ಇಪ್ಪತ್ತಮೂರು ವರ್ಷಕ್ಕೇ ಲಕ್ವ ಹೊಡೆದು, ಮಾರ್ಕ್ಸ್ ಕಾರ್ಡ್ ಹಿಡಿಯಲು ಕೈ ಏಳದೆ ಮಲಗುತ್ತೇನೆ ಎಂದು ಅವ್ವನಿಗೆ ಹೇಳಿದೆ.

ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. ‘ನಿನಗ ಏನೂ ಆಗಿಲ್ಲೇಳು. ಖಾಲಿ ಕುಂತು ಖೋಡಿ ಆಗೀದಿ. ಬೇಕಾದ್ರ ನಂದು ನೋಡು.’

ನೋಡಿದೆ. ಅವ್ವನಿಗೆ ನೂರ ಎಂಬತ್ತು.

ಅವತ್ತು ಅವ್ವ ಪುಂಡಿಪಲ್ಯಕ್ಕೆ ಉಪ್ಪು ಹಾಕಲಿಲ್ಲ. ಹಾಕಲು ನಾನು ಬಿಡಲಿಲ್ಲ. ಮರುದಿನ ಪಕ್ಕದ ಮನೆಯ ಮುತ್ಯಾ ಬಂದು ಕಟ್ಟೆಯ ಮೇಲೆ ಕೂತು ತೋಳು ಚಾಚಿದರು. ಅವರಿಗೂ ಜಾಸ್ತಿ. ಅವರ ಸೊಸೆಗೂ ಜಾಸ್ತಿ. ಒಂದು ವಾರದಲ್ಲಿ ನಮ್ಮ ಓಣಿಯ ಇಪ್ಪತ್ತು ಮಂದಿಗೆ ನಾನು ಬಿಪಿ ಕಂಡುಹಿಡಿದೆ. ಪಟ್ಟಿ ಯಾರ ತೋಳಿಗೂ ಪೂರ್ತಿ ಸುತ್ತಿ ಬರುತ್ತಿರಲಿಲ್ಲ. ನಮ್ಮ ಮಂದಿಯದು ಜೋಳದ ರೊಟ್ಟಿ ತಿಂದ ತೋಳು, ದಪ್ಪ ಇರುತ್ತದೆ ಎಂದುಕೊಂಡು ಮೇಲೊಂದು ಸುತ್ತು ಎಮ್ಮೆ ಕಟ್ಟುವ ಹಗ್ಗ ಬಿಗಿಯುತ್ತಿದ್ದೆ.

ಮುತ್ಯಾ ನಾಲ್ಕು ದಿನ ಸಪ್ಪೆ ಬ್ಯಾಳಿ ಉಂಡು ಐದನೆಯ ದಿನ ಬೀದಿಯಲ್ಲಿ ನಿಂತು ಒದರಿದರು: ‘ಏ ಡಾಕ್ಟರಾ, ಎಂಬತ್ತು ವರ್ಷ ಉಪ್ಪು ತಿಂದು ಗಟ್ಟಿ ಅದೀನಿ. ನೀ ಬಂದು ನಾಕು ದಿನದಾಗ ನನ್ನ ಹೆಣ ಮಾಡೀದಿ ನೋಡಲೇ!’

‘ನಿಮ್ಮ ಜೀವಕ್ಕ ಹೇಳಾಕತ್ತೇನ್ರಿ ಮುತ್ಯಾ.’

‘ನನ್ನ ಜೀವ ಇರ್ಲಿ. ನಿನ್ನ ರಿಜಲ್ಟ್ ಬಂತೇನು, ಅದು ಹೇಳು!’

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇವರ ಆರೋಗ್ಯಕ್ಕೆ ನಾನು ಒದ್ದಾಡುವುದು, ಇವರು ನನ್ನ ಮಾನ ತೆಗೆಯುವುದು! ಸಾಕ್ಷಿ ತೋರಿಸಿಯೇ ತೀರುತ್ತೇನೆಂದು ಮುತ್ಯಾನ ತೋಳು, ಪಟ್ಟಿ, ಹಗ್ಗ, ಮುಳ್ಳು ನಿಂತ ಅಂಕಿ ಎಲ್ಲ ಕಾಣುವಂತೆ ಫೋಟೋ ತೆಗೆದು ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ‘ನಮ್ಮ ಊರಿನ ಪರಿಸ್ಥಿತಿ ನೋಡಿರಿ. ಇಲ್ಲಿ ಸರ್ಕಾರ ಮಲಗಿದೆ’ ಎಂದು ಕೆಳಗೆ ಬರೆದೆ.

ಸರ್ಕಾರ ಏಳುವ ಮೊದಲು ನನ್ನ ರೂಮ್‌ಮೇಟ್ ಎದ್ದ. ಅಫಜಲಪುರ ಕಡೆಯವನು. ಮೂರು ವರ್ಷ ಒಂದೇ ಬಕೆಟ್ಟಿನಲ್ಲಿ ಸ್ನಾನ ಮಾಡಿದವರು ನಾವು. ಅವನು ಬರೆದ: ‘ಲೇ ಹುಚ್ಚಪ್ಯಾಲಿ, ಅದು ಸಣ್ಣ ಹುಡುಗ್ರ ಪಟ್ಟಿ. ಮಕ್ಕಳ ವಾರ್ಡಿಂದು. ದೊಡ್ಡವ್ರಿಗಿ ಸುತ್ತಿದ್ರ ಎಲ್ಲಾರಿಗೂ ಬಿಪಿ ಬರ್ತದ.’

ಪಟ್ಟಿ ತಿರುಗಿಸಿ ನೋಡಿದೆ. ಒಳಮೈಯಲ್ಲಿ ಒಂದು ಮಗುವಿನ ಚಿತ್ರ ನನ್ನನ್ನು ನೋಡಿ ನಗುತ್ತಿತ್ತು.

ಪಟ್ಟಿ ತೋಳಿಗೆ ಸಣ್ಣದಾದರೆ ಬಿಪಿ ಹೆಚ್ಚು ತೋರಿಸುತ್ತದೆ. ಇದು ನಮಗೆ ಮೊದಲ ವರ್ಷವೇ ಕಲಿಸಿದ ಪಾಠ. ಇಡೀ ಓಣಿಯ ಬಾಯಿಗೆ ಸಪ್ಪೆ ಊಟ ಹಾಕಿದ ನಂತರ ನೆನಪಿಗೆ ಬಂತು. ಇಷ್ಟೂ ಗೊತ್ತಿಲ್ಲದವನು ಪಾಸಾಗುತ್ತಾನೆಯೇ ಎಂದು ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. ಗ್ರೂಪಿನಲ್ಲಿ ಐವತ್ತು ಮಂದಿ ಹಲ್ಲು ಕಿರಿದರು. ಒಬ್ಬಳು ನನಗೆ ‘ಮಕ್ಕಳ ತಜ್ಞ’ ಎಂದು ಹೆಸರಿಟ್ಟಳು. ನಾನು ಎಲ್ಲರಿಗೂ ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಗ್ರೂಪ್ ಬಿಟ್ಟೆ. ಸಿಟ್ಟು ಇಳಿಯಲಿಲ್ಲವೆಂದು ರೂಮ್‌ಮೇಟನನ್ನು ಬ್ಲಾಕ್ ಮಾಡಿದೆ. ಆ ದಿನ ಹೊಟ್ಟೆ ತುಂಬ ಉಂಡೆ. ಫೋನ್ ಸುಮ್ಮನಿದ್ದರೆ ಎದೆಯೂ ಸುಮ್ಮನಿರುತ್ತದೆ, ಎಂಥ ಮದ್ದು ಕಂಡುಹಿಡಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂಬತ್ತು ದಿನದ ಮೇಲೆ ರಿಸಲ್ಟ್ ಬಂತು. ಆಳಂದದ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಸೆಂಟರಿನಲ್ಲಿ ನನ್ನ ನಂಬರ್ ಹಾಕಿಸಿದೆ. ಪಾಸ್ ಇಲ್ಲ, ಫೇಲ್ ಇಲ್ಲ. ‘ತಡೆಹಿಡಿಯಲಾಗಿದೆ’ ಎಂದಿತ್ತು. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿದ್ದವು. ಸೆಂಟರಿನವನ ಕಂಪ್ಯೂಟರ್ ಸರಿಯಿಲ್ಲವೆಂದು ಜಗಳ ತೆಗೆದೆ. ಅವನು ಬೇರೆ ಕಂಪ್ಯೂಟರಿನಲ್ಲಿ ತೋರಿಸಿದ. ಅದರಲ್ಲೂ ತಡೆಹಿಡಿಯಲಾಗಿತ್ತು.

ಅಲ್ಲಿಂದಲೇ ಕಲಬುರಗಿಯ ಬಸ್ ಹತ್ತಿ ಕಾಲೇಜಿಗೆ ಹೋದೆ. ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿದ್ದೆ. ಬಡವರ ಮಕ್ಕಳ ಭವಿಷ್ಯ, ಕಲ್ಯಾಣ ಕರ್ನಾಟಕಕ್ಕೆ ಆದ ಅನ್ಯಾಯ, ಕೋರ್ಟು, ಎಲ್ಲ ಅದರಲ್ಲಿತ್ತು. ಆಫೀಸಿನ ಕ್ಲರ್ಕ್ ಸಾಹೇಬರ ಟೇಬಲ್ ಗುದ್ದಿ ಶುರು ಮಾಡಿದೆ.

‘ನಮ್ಮ ಬಾಳಿನ ಜೋಡಿ ಆಟ ಆಡಾಕತ್ತೀರೇನ್ರಿ ನೀವು?’

ಅವರು ಒಂದು ಕಡತ ತೆರೆದರು. ‘ನಿನ್ನ ಕ್ಲಿನಿಕಲ್ ರೆಕಾರ್ಡಿನ ಕಡೀ ಪುಟಕ್ಕ ನಿಂದು ಸಹಿ ಇಲ್ಲ. ಹನ್ನೊಂದು ಮಂದೀದು ಇದ್ದಿಲ್ಲ. ಮೂರು ದಿನದಾಗ ಬಂದು ಸಹಿ ಮಾಡ್ರಿ ಅಂತ ಹೋದ ವಾರ ನಿಮ್ಮ ಕ್ಲಾಸಿನ ಗ್ರೂಪಿನಾಗ ಹಾಕೀನಿ. ಹತ್ತು ಮಂದಿ ಬಂದು ಮಾಡಿ ಹೋದ್ರು. ನೀ ಎಲ್ಲಿದ್ದಿ?’

‘ನಾ ಗ್ರೂಪಿನಾಗ ಇಲ್ರಿ.’

‘ಯಾಕಿಲ್ಲ? ಯಾರು ತೆಗದ್ರು?’

ಒಂದು ಫೋನ್ ಮಾಡಲು ಏನಾಗಿತ್ತು ಎಂದು ಗೊಣಗಿದೆ. ‘ಇನ್ನೂರು ಮಕ್ಳ ಅದಾವ ನನಗ, ಮನೀ ಮನೀಗಿ ಬರ್ಲೇನು’ ಎಂದು ಅವರು ಪೆನ್ನು ಕೊಟ್ಟರು. ಸಹಿ ಮಾಡಿದೆ. ಕಾಗದ ಬೆಂಗಳೂರಿಗೆ ಹೋಗಿ ರಿಸಲ್ಟ್ ಬಿಡಲು ಎಂಟು ದಿನ ಎಂದರು. ಎಂಟರಲ್ಲಿ ನಾಲ್ಕು ಕಳೆಯಲು ನನಗೂ ಬರುತ್ತಿತ್ತು.

ಅದೇ ದಿನ ಮೇಟ್ರನ್ ಮೇಡಂಗೆ ಫೋನ್ ಹಚ್ಚಿ ‘ವೆಬ್‌ಸೈಟ್ ಕೆಟ್ಟೈತ್ರಿ’ ಎಂದೆ. ಅವರು ‘ನಿನ್ನ ಕ್ಲಾಸಿನ ಹುಡುಗಂದು ಬಂದಾದಲ್ಲ?’ ಎಂದರು. ಆಗಲೂ ನಿಜ ಹೇಳಲಿಲ್ಲ. ಗ್ರೂಪ್ ಬಿಟ್ಟ ಕತೆ ಹೇಳಲು ಮಕ್ಕಳ ಪಟ್ಟಿಯ ಕತೆ ಹೇಳಬೇಕು. ಅದನ್ನು ಹೇಳಿದ ಮೇಲೆ ಯಾವ ಮೇಟ್ರನ್ ನನಗೆ ಐಸಿಯು ಕೊಡುತ್ತಾರೆ?

ಎಂಟು ದಿನ ಎಂದವರು ಹತ್ತು ದಿನ ಮಾಡಿದರು. ಮನೆಯ ಹಿತ್ತಲಲ್ಲಿ ನಿಂತು ಮೊಬೈಲಿನಲ್ಲಿ ನೋಡಿದೆ: ಪಾಸ್. ಫಸ್ಟ್ ಕ್ಲಾಸ್. ಅವ್ವನಿಗೆ ಹೇಳುವ ಮೊದಲು ಮೇಟ್ರನ್ ಮೇಡಂಗೆ ಫೋನ್ ಹಚ್ಚಿದೆ.

‘ಛಲೋ ಆತಪ್ಪ. ಆದ್ರ ಆ ಜಾಗ ಮೂರನೇ ತಾರೀಖಿಗೇ ತುಂಬ್ತು. ನಿನ್ನ ರೂಮ್‌ಮೇಟೇ ಬಂದಾನ. ನಿನಗ ಫೋನ್ ಹತ್ತವಲ್ದು ಅಂತ ಪಾಪ ಎರಡು ದಿನ ತಡೆದು ನೋಡಿ ಸೇರಿದ.’

ಅವನು ಒಳ್ಳೆಯವನಾಗದೆ ಇದ್ದಿದ್ದರೆ ನನಗೆ ಅನುಕೂಲವಿತ್ತು. ಅವನನ್ನಾದರೂ ನಾಲ್ಕು ದಿನ ಬೈದುಕೊಂಡು ಇರುತ್ತಿದ್ದೆ. ಈಗ ಬೈಯಲು ಇಡೀ ಕಲಬುರಗಿ ಜಿಲ್ಲೆಯಲ್ಲಿ ನಾನೊಬ್ಬನೇ ಉಳಿದೆ. ‘ಜೇವರ್ಗಿಯ ಒಂದು ಆಸ್ಪತ್ರೆಯೊಳಗ ಜಾಗ ಅದ, ಪಗಾರ ಕಡಿಮಿ, ಹೋಗ್ತಿಯೇನು?’ ಎಂದು ಮೇಡಂ ಕೇಳಿದರು. ‘ಹೋಗ್ತೇನ್ರಿ’ ಎಂದೆ. ಹಲ್ಲು ಕಚ್ಚಿ ಹೇಳಿದ್ದರಿಂದ ಅವರು ಎರಡು ಸಲ ಕೇಳಬೇಕಾಯಿತು.

ಒಳಗೆ ಬಂದಾಗ ಅವ್ವ ತೊಗರಿ ಹಸನು ಮಾಡುತ್ತಿದ್ದಳು.

‘ಪಾಸಾಗೇನಿ!’ ಎಂದು ಒದರಿದೆ. ಮೊರ ಅವಳ ಕೈಯಿಂದ ಜಾರಿತು.

‘ಪಾಸಾದದ್ದಕ್ಕ ಯಾಕ ಹಂಗ ಬೈದಂಗ ಹೇಳ್ತೀಯೋ?’ ಎಂದಳು. ನಾನು ನೆಲಕ್ಕೆ ಕೂತು, ಚೆಲ್ಲಿದ ತೊಗರಿ ಬಳಿಯುತ್ತ, ಮೊದಲಿನಿಂದ ನಡೆದದ್ದನ್ನೆಲ್ಲ ಅವಳಿಗೆ ಹೇಳತೊಡಗಿದೆ.