ಹಾಕದೆ ಬಿಟ್ಟ ಚಪ್ಪಡಿ

ವಿಜಯನಗರದ ಆ ಮಹಡಿ ಕೋಣೆಯಲ್ಲಿ ಅವತ್ತು ಬೆಳಿಗ್ಗೆ ನಾವು ಮೂವರಿದ್ದೆವು. ಮೇಜಿನ ಹಿಂದೆ ಕಂಟ್ರಾಕ್ಟರು. ಅವರನ್ನು ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಒಡಹುಟ್ಟಿದ ಅಕ್ಕ. ಕೆಂಗೇರಿಯಿಂದ ಮೆಟ್ರೋದಲ್ಲಿ ಬಂದು ಮಹಡಿ ಹತ್ತಿದ್ದರು, ಏದುಸಿರು ಇನ್ನೂ ಇಳಿದಿರಲಿಲ್ಲ. ಗೋಡೆಯ ಪಕ್ಕ, ಫೈಲುಗಳ ನಡುವೆ, ಲೆಕ್ಕಪತ್ರ ನೋಡಿಕೊಳ್ಳುವ ನಾನು.

ಅಕ್ಕ ಕೇಳಲು ಬಂದದ್ದು ತಮ್ಮದೇ ಮನೆಯ ಕ್ರಯಪತ್ರ. ಮಂಡಿನೋವಿನಿಂದ ಮೆಟ್ಟಿಲು ಹತ್ತಿಳಿಯುವುದು ಆಗದೆ, ಕೆಂಗೇರಿಯ ಮನೆ ಮಾರಿ ರಾಜರಾಜೇಶ್ವರಿನಗರದಲ್ಲಿ ಲಿಫ್ಟಿರುವ ಒಂದು ಸಣ್ಣ ಫ್ಲ್ಯಾಟು ಕೊಳ್ಳುವುದೆಂದು ತೀರ್ಮಾನಿಸಿದ್ದರು. ಮನೆ ಕೊಳ್ಳುವವರು ಮುಂಗಡ ಕೊಟ್ಟಾಗಿತ್ತು. ತಿಂಗಳೊಳಗೆ ಮೂಲಪತ್ರ ತೋರಿಸದಿದ್ದರೆ ವ್ಯಾಪಾರ ಮುರಿದಂತೆ.

ಆ ಪತ್ರ ಬ್ಯಾಂಕಿನಲ್ಲಿತ್ತು. ಅಣ್ಣ ದೀಪಾಂಜಲಿ ನಗರದ ಕಡೆ ಚರಂಡಿ ಕೆಲಸ ಹಿಡಿದಾಗ ಸರ್ಕಾರಿ ಆಫೀಸಿನವರು ಬ್ಯಾಂಕ್ ಗ್ಯಾರಂಟಿ ಕೇಳಿದ್ದರು. ಕಂಟ್ರಾಕ್ಟರು ಕೆಲಸ ಅರ್ಧಕ್ಕೇ ಬಿಟ್ಟು ಹೋದರೆ ಬ್ಯಾಂಕು ದುಡ್ಡು ಕಟ್ಟಿಕೊಡಬೇಕು, ಅಷ್ಟೇ ಅದರ ಅರ್ಥ. ಬ್ಯಾಂಕು ಸುಮ್ಮನೆ ಜಾಮೀನು ನಿಲ್ಲುತ್ತದೆಯೇ? ಅದಕ್ಕೊಂದು ಮನೆಪತ್ರ ಬೇಕು. ಅಣ್ಣನ ಮನೆ ಆಗಲೇ ಸಾಲದಲ್ಲಿತ್ತು. ತಮ್ಮ ಕೇಳಿದ ಅಂತ ಅಕ್ಕ ಸಹಿ ಹಾಕಿದ್ದರು. ಜಾಮೀನು ಅಂದರೆ ಬೇರೆಯವರ ಜ್ವರಕ್ಕೆ ನಾವು ಕಷಾಯ ಕುಡಿದಂತೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ಕಷಾಯ ಈ ಅಕ್ಕನ ಪಾಲಿಗೆ ಬಂದಿತ್ತು.

“ಕೆಲಸ ಮುಗಿದು ಮೂರು ವರ್ಷ ಆಯ್ತಲ್ಲೋ. ಮುಗಿದ ಕೆಲಸಕ್ಕೆ ನನ್ನ ಮನೆ ಯಾಕೆ ಇನ್ನೂ ಜಾಮೀನು ನಿಂತಿದೆ?” ಅಂದರು ಅಕ್ಕ.

ಅಣ್ಣ ನನ್ನ ಮುಖ ನೋಡಿದರು. ನಾನು ಫೈಲಿನ ಮುಖ ನೋಡಿದೆ. ಪ್ರತಿ ವರ್ಷ ಗ್ಯಾರಂಟಿಯ ಅವಧಿ ಮುಗಿಯುವ ಹೊತ್ತಿಗೆ ಆಫೀಸಿನಿಂದ ಕಾಗದ ಬರುತ್ತಿತ್ತು, ಇನ್ನೊಂದು ವರ್ಷಕ್ಕೆ ಮುಂದುವರಿಸಿ ಎಂದು. ನಾನದನ್ನು ಬ್ಯಾಂಕಿಗೆ ಒಯ್ದು, ಕಮಿಷನ್ ಕಟ್ಟಿ, ಹೊಸ ಕಾಗದ ತಂದು ಕೊಡುತ್ತಿದ್ದೆ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಬಂದಿರದ ಬಿಲ್ಲಿನ ಹಣಕ್ಕೆ ಅಲೆದೇ ಸುಸ್ತಾಗಿದ್ದವನಿಗೆ ಕೇಳುವ ಚೈತನ್ಯವೂ ಇರಲಿಲ್ಲ ಅನ್ನಿ.

ಅಲ್ಲಿಂದಲೇ ಎದ್ದು ಆ ಸರ್ಕಾರಿ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ಊಟ ಮುಗಿಸಿ ಬರುವವರೆಗೂ ಬೆಂಚಿನ ಮೇಲೆ ಕೂತಿದ್ದೆ. ಬಂದವರು ಫೈಲಿನ ದಾರ ಬಿಚ್ಚಿ, ಕೊನೆಯ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಒಂದು ಮುಚ್ಚಳದ ಚಪ್ಪಡಿ ಬಾಕಿ.’ ಬಾಕಿ ಇರುವುದರಿಂದ ಕೆಲಸ ಮುಗಿದ ಸರ್ಟಿಫಿಕೇಟು ಕೊಟ್ಟಿಲ್ಲ. ಅದು ಕೊಟ್ಟ ದಿನದಿಂದ ಒಂದು ವರ್ಷ ಚರಂಡಿ ಕೆಡದೆ ನಿಲ್ಲಬೇಕು, ಆಮೇಲಷ್ಟೇ ಗ್ಯಾರಂಟಿ ವಾಪಸ್ಸು.

“ನಿಮ್ಮ ಲೆಕ್ಕದಲ್ಲಿ ಮುಗಿದಿದೆ ಸಾರ್. ನಮ್ಮ ಲೆಕ್ಕದಲ್ಲಿ ಇನ್ನೂ ನಡೀತಾನೇ ಇದೆ,” ಅಂದು ಅವರು ದಾರ ಕಟ್ಟಿದರು.

ಹಿಂತಿರುಗಿದಾಗ ಅಕ್ಕ ಇನ್ನೂ ಅದೇ ಕುರ್ಚಿಯಲ್ಲಿದ್ದರು. ಗುಮಾಸ್ತರು ತೋರಿಸಿದ ಸಾಲನ್ನು ಅಣ್ಣನಿಗೆ ಹೇಳಿದೆ. ಆಮೇಲೆ ಅಣ್ಣನ ಬಾಯಿಂದ ಮೆಲ್ಲಗೆ ವಿಷಯ ಹೊರಬಂತು. ಅವರ ತಂದೆ ಗಾರೆ ಮೇಸ್ತ್ರಿ. ಯಾವ ಕೆಲಸವನ್ನೂ ಪೂರಾ ಮುಗಿಸಬಾರದು, ಪೂರಾ ಕೈತೊಳೆದುಕೊಂಡರೆ ಮುಂದಿನ ಕೆಲಸ ಬರುವುದಿಲ್ಲ ಎಂಬುದು ಆ ತಂದೆಯ ನಂಬಿಕೆ. ಕಟ್ಟಿದ ಪ್ರತಿ ಮನೆಯಲ್ಲೂ ಕಾಣದ ಮೂಲೆಯಲ್ಲೊಂದಿಷ್ಟು ಬಾಕಿ ಬಿಡುತ್ತಿದ್ದರಂತೆ. ಮಗನೂ ಹಾಗೇ ನಡೆದುಕೊಂಡು ಬಂದರು. ಮನೆ ಕಟ್ಟಿಸಿದವರು ನೋಡಿದರೂ ನಕ್ಕು ಸುಮ್ಮನಾಗುತ್ತಿದ್ದರು. ಚರಂಡಿಯದು ಅಣ್ಣನ ಮೊದಲ ಸರ್ಕಾರಿ ಕೆಲಸ. ಅಲ್ಲೂ ತಿರುವಿನ ಕೊನೆಯ ಚಪ್ಪಡಿ ಹಾಕದೆ, ಮುಂದಿನ ಕೆಲಸ ಸಿಕ್ಕ ದಿನ ಬಂದು ಹಾಕಿದರಾಯಿತು ಎಂದುಕೊಂಡರು. ಮುಂದಿನ ಕೆಲಸವೇನೋ ಸಿಕ್ಕಿತು, ಚಪ್ಪಡಿ ಮರೆತುಹೋಯಿತು.

ಅಕ್ಕ ದನಿ ಏರಿಸಲಿಲ್ಲ. “ಅಪ್ಪ ಬಿಡ್ತಿದ್ದದ್ದು ಸಂಪಿನ ಹಿಂದೆ ಅಂಗೈ ಅಗಲ ಗಾರೆ ಕಣೋ. ನೀನು ನನ್ನ ಮನೇನೇ ಬಿಟ್ಟಿದೀಯ.”

ತಪ್ಪು ನನ್ನದೂ ಇತ್ತು. ಕೊನೆಯ ಬಿಲ್ಲಿನ ಮೊತ್ತ ಚಿಕ್ಕದೆಂದು ನಾನದನ್ನು ಬರೆದೇ ಇರಲಿಲ್ಲ. ಬರೆದಿದ್ದರೆ ಆಫೀಸಿನವರು ಅಳತೆಗೆ ಬಂದು, ಈ ಚಪ್ಪಡಿ ಮೊದಲ ವರ್ಷವೇ ಸಿಕ್ಕಿಬೀಳುತ್ತಿತ್ತು. ಹಾಗಂತ ಒಪ್ಪಿಕೊಂಡೆ.

“ನೀವಿಬ್ರೂ ಸೇರಿದ್ರೂ ಒಬ್ಬ ಬುದ್ಧಿವಂತ ಆಗಲ್ಲ ಬಿಡಿ,” ಎಂದು ಅಕ್ಕ ಮಂಡಿ ಹಿಡಿದುಕೊಂಡು ಎದ್ದರು.

ಮಾರನೆಯ ದಿನವೇ ಚಪ್ಪಡಿ ಕೂರಿಸಿದೆವು. ಆದರೆ ಒಂದು ವರ್ಷ ಕಾಯುವುದು ಅಕ್ಕನಿಗೆ ಸಾಧ್ಯವಿರಲಿಲ್ಲ. ಬ್ಯಾಂಕಿನ ಮ್ಯಾನೇಜರು ಇನ್ನೊಂದು ದಾರಿ ಹೇಳಿದರು. ಗ್ಯಾರಂಟಿಯಷ್ಟೂ ಹಣವನ್ನು ಡಿಪಾಜಿಟ್ ಇಟ್ಟರೆ ಮನೆಪತ್ರ ಬಿಟ್ಟುಕೊಡುತ್ತೇವೆ ಅಂದರು. ನಮ್ಮ ಹಣವೆಲ್ಲ ಯಾರ‍್ಯಾರದೋ ಮೇಜಿನ ಮೇಲೆ ಬಿಲ್ಲಾಗಿ ಮಲಗಿತ್ತು. ಸಾಲವಿಲ್ಲದ ಆಸ್ತಿ ಅಂತ ಅಣ್ಣನಿಗೆ ಉಳಿದಿದ್ದದ್ದು ಒಂದು ಟಿಪ್ಪರ್ ಲಾರಿ.

ಅದನ್ನು ಮಾರಿ, ಬಾಡಿಗೆ ಲಾರಿಯಲ್ಲಿ ಜಲ್ಲಿ, ಎಂ-ಸ್ಯಾಂಡ್ ಹೊಡೆಸಿದರೆ ಸಿಗುವ ಅಲ್ಪ ಲಾಭವೂ ಬಾಡಿಗೆಗೇ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿ ತೋರಿಸಿದೆ. ಅಣ್ಣ ಹಾಳೆಯನ್ನು ನನ್ನ ಕಡೆಗೇ ತಳ್ಳಿದರು.

“ಲೆಕ್ಕ ನಂಗೂ ಬರತ್ತೆ ಕಣಯ್ಯ. ಲಾರಿ ಇಟ್ಕೊಂಡು ಅಕ್ಕನ ಮುಖ ಹೆಂಗ್ ನೋಡ್ಲಿ?”

ಲಾರಿ ಮಾರಾಟವಾಯಿತು. ಡಿಪಾಜಿಟ್ ಇಟ್ಟೆವು. ಗಡುವಿಗೆ ನಾಲ್ಕು ದಿನ ಮೊದಲು ಪತ್ರ ಕೈಗೆ ಬಂತು. ಅಕ್ಕ ಒಂದೊಂದೇ ಪುಟ ತಿರುವಿ ನೋಡಿ, ಸೆರಗಿನಲ್ಲಿ ಒರೆಸಿ, ಚೀಲದಲ್ಲಿಟ್ಟುಕೊಂಡರು. ಮನೆಯ ರಿಜಿಸ್ಟ್ರೇಷನ್ನೂ ಆಯಿತು.

ಅಕ್ಕ ಮನೆ ಬದಲಾಯಿಸಿದ್ದು ಒಂದು ಗುರುವಾರ. ಸಾಮಾನು ಸಾಗಿಸಲು ಅಣ್ಣ ಬಾಡಿಗೆ ಲಾರಿ ತಂದಿದ್ದರು. ಅಕ್ಕ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದು ಡ್ರೈವರ್ ಪಕ್ಕ ಕೂತರು. ಅಣ್ಣ ಹಿಂದೆ ಹತ್ತಿ, ಹಗ್ಗ ಬಿಗಿದು, ಬೀರು ಅಲ್ಲಾಡದಂತೆ ಹಿಡಿದುಕೊಂಡು ನಿಂತರು. ಲಾರಿ ಮೈಸೂರು ರಸ್ತೆಯ ಕಡೆ ತಿರುಗಿತು.