ಖಂಡೇಪೂಜಿಗೆ ಬಿಚ್ಚಿಟ್ಟ ಟೈಮಿಂಗ್ ಚೈನ್

ಎಂಬತ್ತರ ಆಚೀಚಿನ ಮಾತು. ಬೆಟಗೇರ್ಯಾಗ ನಂದೊಂದು ಗ್ಯಾರೇಜ್ ಇತ್ತು. ಸಪ್ಪಳ ಕೇಳೇ ಇಂಜಿನ್ನಿನ ರೋಗ ಹೇಳಾಂವ ನನ್ನ ಬಿಟ್ರ ಇನ್ನೊಬ್ಬ ಇರಲಿಲ್ಲ. ಜಂಬ ಅಂದ್ರ ಅನ್ರಿ, ಖರೆ ಅದು. ಆ ವರ್ಷ ಹಳೇ ಅಂಬಾಸಿಡರ್ ಒಂದನ್ನ ಸ್ವಂತಕ್ಕ ಅಂತ ತಗೊಂಡೆ. ನನಗಿಂತ ಹೆಚ್ಚು ಹಿಗ್ಗಿದಾಕಿ ನಮ್ಮವ್ವ.

ಯಾಕಂದ್ರ, ಮುಂಡರಗಿಯೊಳಗ ಆಕಿ ಅಕ್ಕ ಇದ್ಳು, ನನ್ನ ದೊಡ್ಡವ್ವ. ಹಿಂದೊಮ್ಮೆ ಮಾತಿಗೆ ಮಾತು ಬೆಳೆದು 'ನಿನ್ನ ಮಗ ಮಂದಿ ಗಾಡಿ ಬುಡಕ ಮಲಗೂದ ಆತು' ಅಂದುಬಿಟ್ಟಿದ್ಳು. 'ಮಗನ ಗಾಡಿ ಹತ್ತೇ ನಿನ್ನ ಹೊಸ್ತಿಲಿಗೆ ಬರತೇನಿ, ಅಲ್ಲೀತನಕಾ ಇಲ್ಲ' ಅಂತ ಅವ್ವ ಎದ್ದು ಬಂದಿದ್ಳು. ಆಮ್ಯಾಲ ಅಕ್ಕ-ತಂಗಿ ಒಬ್ಬರ ಮಾರಿ ಒಬ್ಬರು ನೋಡಿರಲಿಲ್ಲ. ಈಗ ದೊಡ್ಡವ್ವಗ ಆರಾಮ ಇಲ್ಲಂತ ಖಬರ ಬಂದಿತ್ತು. ಬನ್ನಿ ಹಬ್ಬದ ದಿನ ಹೋಗಿ, ಬನ್ನಿ ಕೊಟ್ಟು, ಕಾಲು ಮುಟ್ಟತೇನಿ ಅಂತ ಅವ್ವ ಹಟ ಹಿಡದ್ಳು.

ಆದ್ರ ಇಂಜಿನ್ನಿನ ಟೈಮಿಂಗ್ ಚೈನ್ ಸವೆದು ಜೋತು ಬಿದ್ದಿತ್ತು. ಪಿಸ್ಟನ್ ಏರೂದಕ್ಕೂ ವಾಲ್ವ್ ತೆರಿಯೂದಕ್ಕೂ ತಾಳ ಕೂಡಿಸೂ ಸರಪಳಿ ಅದು. ಒಂದು ಹಲ್ಲು ಆಚೀಚೆ ಆದ್ರೂ ಗಾಡಿ ಕೆಮ್ಮತೈತಿ, ಓಡೂದಿಲ್ಲ. ಹುಬ್ಬಳ್ಳಿಯಿಂದ ಹೊಸಾದು ತರಿಸಿದೆ. ಚೈನ್ ಕೂಡೂ ಹಲ್ಲಿನ ಗಾಲಿ ಎರಡರ ಮ್ಯಾಲೂ ಕಂಪನಿ ಹೊಡೆದ ಚುಕ್ಕಿ ಅಳಿಸಿಹೋಗಿದ್ವು. ಅದಕ್ಕ ಬಿಚ್ಚೂ ಮುಂದ ಎಲಿಯಡಿಕಿ ಸುಣ್ಣದಿಂದ ಗುರುತು ಮಾಡಿಕೊಂಡೆ. ಅಷ್ಟರಾಗ ಖಂಡೇಪೂಜಿ ಬಂತು. ಹತಾರ, ಬಿಚ್ಚಿದ ಗಾಲಿ ಎಲ್ಲಾ ಪೂಜಿಗೆ ಇಟ್ಟಮ್ಯಾಲ ಮರುದಿನದತನಕ ಒಂದು ಪಾನಾನೂ ಮುಟ್ಟೂಹಂಗಿಲ್ಲ.

ಬನ್ನಿ ದಿನ ಮುಂಜಾನೆ ನೋಡತೇನಿ, ಹಲ್ಲಿನ ಗಾಲಿ ಎರಡೂ ಫಳಫಳ ಹೊಳ್ಯಾಕ ಹತ್ತ್ಯಾವ. ಹೊಲಸು ಇಟ್ಟು ಪೂಜಿ ಹೆಂಗ ಮಾಡೂದಂತ ಅವ್ವ ಚಿಮಣಿ ಎಣ್ಣಿಯಾಗ ತಿಕ್ಕಿ ತೊಳದು, ಈಬತ್ತಿ ಕುಂಕುಮ ಹಚ್ಚಿದ್ಳು. ಸುಣ್ಣದ ಗುರುತು ಒಂದೂ ಉಳಿದಿಲ್ಲ. ಸಿಟ್ಟು ನೆತ್ತಿಗೇರಿತು. 'ನಿನ್ನ ಗಾಡಿ ನೀನ ನಿಲ್ಲಿಸಿದಿ ನೋಡಬೇ' ಅಂದೆ. ಇಳಕಲ್ ಸೀರಿ ಉಟ್ಟು, ಸೆರಗಿನ್ಯಾಗ ಬನ್ನಿ ಎಲಿ ಕಟಗೊಂಡು ಕುಂತಾಕಿ ಮಾರಿ ಸಣ್ಣ ಮಾಡಿದ್ಳು.

ಗುರುತು ಹೋತು, ಕಲಿತ ಕೆಲಸ ಹೋತೇನ? ಒಂದನೇ ಪ್ಲಗ್ಗಿನ ತೂತಿನ್ಯಾಗ ಸೈಕಲ್ ಕಡ್ಡಿ ಇಳಿಬಿಟ್ಟು ಹ್ಯಾಂಡಲ್ ಮೆಲ್ಲಕ ತಿರುವಿದೆ. ಕಡ್ಡಿ ಏರೂದು ನಿಂತಲ್ಲಿ ಪಿಸ್ಟನ್ ತುದಿಗೆ ಬಂದಂಗ. ನಾಲ್ಕನೇ ಸಿಲಿಂಡರಿನ ಒಂದು ವಾಲ್ವ್ ಮುಚ್ಚಿ ಇನ್ನೊಂದು ತೆರಿಯೂ ಸಂದಿ ಹಿಡದು ಹೊಸ ಚೈನ್ ಕೂಡಿಸಿದೆ. ಎಲ್ಲಾ ಜೋಡಿಸಿ ಚಾವಿ ತಿರುವಿದ್ರ, ಒಂದ ಸಲಕ್ಕ ಇಂಜಿನ್ ಹತ್ತಿತು. ನನಗೇನೂ ಆಶ್ಚರ್ಯ ಆಗಲಿಲ್ಲ.

ಮುಂಡರಗಿ ಮುಟ್ಟೂದ್ರಾಗ ಸಂಜಿ ಆತು. ದೊಡ್ಡವ್ವನ ಬಾಗಿಲಿಗೆ ಗಾಡಿ ಹಚ್ಚಿ, ಓಣಿಗೆಲ್ಲ ಕೇಳೂಹಂಗ ಹಾರ್ನ್ ಹೊಡದೆ. ಆಕಿ ಹೊರಗ ಬರಲಿಲ್ಲ. ಒಳಗ ಹೋಗಿ ನೋಡಿದ್ರ ಹಾಸಿಗಿ ಹಿಡದಿದ್ಳು, ಕಣ್ಣು ಪೂರಾ ಹೋಗಿದ್ವು.

'ಮಗನ ಗಾಡಿಯಾಗ ಬಂದೇನಿ ಅಕ್ಕಾ' ಅಂತ ಅವ್ವ ಆಕಿ ಕೈಯಾಗ ಬನ್ನಿ ಇಟ್ಟು ಕಾಲು ಮುಟ್ಟಿದ್ಳು.

ದೊಡ್ಡವ್ವ ಅವ್ವನ ಮಾರಿ ತುಂಬ ಕೈಯಾಡಿಸಿದ್ಳು. 'ಇಷ್ಟು ವರ್ಷ ಬಸ್ಸು ಇರಲಿಲ್ಲೇನ ತಂಗಿ?' ಅಂದ್ಳು.